ಬಂದ ದಿನ ಹೇಗಿದ್ದನೋ ಹಾಗೆ

"ಒಳಗೇ ಇದೆ" ಎಂಬ ಎರಡು ಮಾತು ಒಂದು ಸಂಸಾರವನ್ನು ಯಾವ ಗತಿಗೆ ತರಬಲ್ಲದು ಎಂದು ತಿಳಿಯಬೇಕಾದವರು ನೇರವಾಗಿ ಕರಡಿರಾಯರ ಮನೆಗೆ ಹೋಗಬೇಕು. ಬಾಗಿಲು ತಟ್ಟಿದಾಗ ಯಾರೂ ಬರದಿದ್ದರೆ ಗಾಬರಿ ಬೇಡ. ರಾಯರೂ ಒಳಗೇ ಇರುತ್ತಾರೆ, ತಲೆಯ ಮೇಲೆ ಕೈ ಹೊತ್ತುಕೊಂಡು.

ಕರಡಿರಾಯರು ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಬೆಳಗಿನಿಂದ ಸಂಜೆಯವರೆಗೆ ಬೇರೆಯವರ ತಪ್ಪು ಹುಡುಕುವುದೇ ಕೆಲಸ, ಅದಕ್ಕೆ ಸಂಬಳ ಬೇರೆ. (ಮನೆಯಲ್ಲಿ ಅದೇ ಕೆಲಸವನ್ನು ಅವರ ಹೆಂಡತಿ ಬಿಟ್ಟಿಯಾಗಿ ಮಾಡುತ್ತಾಳೆ.) ಕರಡು ತಿದ್ದಿ ತಿದ್ದಿ, ತಪ್ಪು ಸಿಕ್ಕಾಗಲೆಲ್ಲ ಗುರ್ ಎಂದು ಎಂದು, ಸಹೋದ್ಯೋಗಿಗಳ ಬಾಯಲ್ಲಿ ಅವರು ಕರಡಿರಾಯರಾದರು. ಹೆಸರಿಗೆ ತಕ್ಕ ಕೂದಲು ಮಾತ್ರ ಮೈಮೇಲಿಲ್ಲ. ತಲೆಯ ಮೇಲೂ ಇಲ್ಲ.

ರಾಯರಿಗೆ ಒಂದು ಚಟ. ಯಂತ್ರ ಯಾವ ದೇಶದ್ದಾದರೂ ಸರಿ, ಅದರ ಭಾಗಗಳಿಗೆಲ್ಲ ಅಚ್ಚಗನ್ನಡದಲ್ಲೋ ಅಚ್ಚ ಸಂಸ್ಕೃತದಲ್ಲೋ ನಾಮಕರಣ ಮಾಡಲೇಬೇಕು. ಮನೆಯಲ್ಲಿ ಯಾರಾದರೂ ಕಂಪ್ಯೂಟರ್ ಎಂದರೆ ಅವರಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ, ಅದು ಗಣಕ. ಕೀಬೋರ್ಡು ಕೀಲಿಮಣೆ. ಮೌಸು ಮೂಷಕ. "ನಿಮ್ಮ ಇಲಿ ಸೋಫಾ ಕೆಳಗೆ ಬಿದ್ದಿದೆ ನೋಡ್ರೀ" ಎಂದು ಹೆಂಡತಿ ಹೇಳುವುದು ಅದನ್ನೇ.

ಆ ಹೆಂಡತಿ ಮನೆಯಲ್ಲೇ ಕಸೂತಿ ಯಂತ್ರವೊಂದನ್ನು ಇಟ್ಟುಕೊಂಡು ಸಮವಸ್ತ್ರಗಳಿಗೆ ಲಾಂಛನ ಹೊಲಿದುಕೊಡುತ್ತಿದ್ದಳು. ಚಿತ್ರವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ಯಾವ ಗೆರೆಗೆ ಯಾವ ದಾರ, ಯಾವ ಕಡೆಯಿಂದ ಹೊಲಿಗೆ ಎಂದೆಲ್ಲ ಅದರಲ್ಲೇ ಹೇಳಿಕೊಟ್ಟರೆ ಯಂತ್ರ ಹಾಗೇ ಹೊಲಿಯುತ್ತದೆ. ಹಾಗೆ ಹೇಳಿಕೊಡುವ ಪ್ರೋಗ್ರಾಂ ಯಂತ್ರದ ಜೊತೆಗೇ ಬಂದದ್ದು, ಬಲು ಹಳೆಯದು. ಮನೆಯ ಹಳೇ ಕಂಪ್ಯೂಟರೂ ಅಷ್ಟೇ ಹಳೆಯದು. ಇಬ್ಬರು ಮುದುಕರು ಒಬ್ಬರ ಮಾತು ಒಬ್ಬರು ಅರ್ಥಮಾಡಿಕೊಂಡು ತೆಪ್ಪಗೆ ಬಾಳುತ್ತಿದ್ದರು.

ಆ ಬಾಳಿನಲ್ಲಿ ರಾಯರು ಕೈ ಹಾಕಿದರು. ಹೊಸ ಗಣಕ ತಂದರು. ಹಳೆಯದನ್ನು ಒಂದು ಸಣ್ಣ ಭಾಷಣದೊಂದಿಗೆ ಮಾವನವರ ಮನೆಗೆ ದಾನ ಕೊಟ್ಟರು. ಮಾವನವರು ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಊರಿನ ಇನ್ನೊಂದು ತುದಿಯಲ್ಲಿ ಒಬ್ಬರೇ ಇದ್ದಾರೆ. ಕಣ್ಣು ಮಸುಕಾಗುವವರೆಗೂ ಅವರು ಆ ಡಬ್ಬದಲ್ಲಿ ಇಸ್ಪೀಟು ಆಡಿಕೊಂಡು ಸುಖವಾಗಿದ್ದರು. ಇತ್ತ ಹೊಸ ಗಣಕ ಹಳೇ ಪ್ರೋಗ್ರಾಮನ್ನು ಬಾಗಿಲಲ್ಲೇ ನಿಲ್ಲಿಸಿ, ನಿನ್ನ ಗುರುತೇ ಇಲ್ಲ ಎಂದುಬಿಟ್ಟಿತು.

ಹಾಗೆಂದದ್ದೂ ಎಂಥ ಹೊತ್ತಿನಲ್ಲಿ! ನರ್ಸಿಂಗ್ ಶಾಲೆಯವರು ತಮ್ಮ ಎಲ್ಲ ಏಪ್ರನ್‌ಗಳಿಗೂ ಒಂಟಿಕಾಲಿನ ಕೊಕ್ಕರೆಯ ಲಾಂಛನ ಹೊಲಿದುಕೊಡಲು ಕೇಳಿದ್ದರು. ಅವಳಿಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಸೋಮವಾರ ಶಾಲೆಯ ಮುಖ್ಯಸ್ಥೆ ಬಂದು ನೋಡುತ್ತಾರೆ. ಒಪ್ಪಿದರೆ ಇನ್ನು ಮುಂದೆ ಶಾಲೆಯ ಹೊಲಿಗೆಯೆಲ್ಲ ಇವಳಿಗೆ, ಇಲ್ಲದಿದ್ದರೆ ಎದುರು ಬೀದಿಯ ಟೈಲರಿಗೆ. ಆ ಟೈಲರ್ ಇವರ ಕಿಟಕಿಯ ಕಡೆಗೇ ಮುಖ ಮಾಡಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ.

"ಅಪ್ಪನ ಮನೆಯಿಂದ ಹಳೇದನ್ನ ತಂದುಬಿಡಿ. ಮೂಲೇಲಿ ಇಟ್ಟುಕೊಂಡು ನನ್ನ ಕೆಲಸ ಮುಗಿಸ್ಕೋತೀನಿ" ಎಂದಳು ಹೆಂಡತಿ.

"ಕೊಟ್ಟ ದಾನ ವಾಪಸ್ ಕೇಳೋದಾ? ನನ್ನ ಮಾನ ಏನಾಗಬೇಕು?"

"ನಂಗೆ ಅದರಲ್ಲಿ ಏನೂ ಬೇಜಾರಿಲ್ಲ ಅಳಿಯಂದ್ರೇ" ಎಂದು ಒಳಕೋಣೆಯಿಂದ ಮಾವನವರ ದನಿ ಬಂತು.

ಮಾವನವರು ಆಗ ಇವರ ಮನೆಯಲ್ಲೇ ಇದ್ದರು ಎನ್ನುವುದನ್ನು ಹೇಳಬೇಕು. ಎರಡೂ ಕಣ್ಣಿಗೆ ಪೊರೆ ಬಂದು ಗೋಡೆ ಯಾವುದು, ಬಾಗಿಲು ಯಾವುದು ಎಂದು ಕಾಣದ ಸ್ಥಿತಿಯಲ್ಲಿ ಬಂದಿದ್ದರು. ಈಗ ಶಸ್ತ್ರಚಿಕಿತ್ಸೆಯಾಗಿ, ಕಪ್ಪು ಕನ್ನಡಕ ಹಾಕಿಕೊಂಡು, ವೈದ್ಯರು ಹೇಳುವ ತನಕ ಕಣ್ಣಿಗೆ ಶ್ರಮ ಕೊಡದೆ ಮಂಚದ ಮೇಲೆ ಒರಗಿರುತ್ತಿದ್ದರು. ಕಣ್ಣಿಗೆ ಕೆಲಸವಿಲ್ಲದ್ದರಿಂದ ಕಿವಿ ಎರಡು ಪಾಳಿಯಲ್ಲಿ ದುಡಿಯುತ್ತಿತ್ತು. ಇಡೀ ಗೂಡ್ಸ್ ಗಾಡಿಯ ಆ ತುದಿಯಲ್ಲಿ ಊದಿದ ಸೀಟಿಯನ್ನು ಈ ತುದಿಯಲ್ಲಿ ಕೇಳಿಸಿಕೊಂಡ ಕಿವಿ ಅದು. ಪಕ್ಕದ ಕೋಣೆ ಯಾವ ಲೆಕ್ಕ!

"ಹಳೇದು ಬೇಡ ಮಾವ. ಎಲ್ಲ ಇದರ ಒಳಗೇ ಇದೆ!" ಎಂದು ರಾಯರು ಘೋಷಿಸಿದರು.

ಈ ಜ್ಞಾನ ಅವರಿಗೆ ಮುದ್ರಣಾಲಯದ ಪುಟವಿನ್ಯಾಸದವನಿಂದ ದೊರೆತದ್ದು. "ಬಿಲ್ಟ್-ಇನ್ ಸಾರ್. ಹೊರಗಿಂದ ಏನೂ ತರೋ ಹಾಗಿಲ್ಲ. ಕಂಪ್ಯೂಟರ್ ಒಳಗೆ ಇನ್ನೊಂದು ಸುಳ್ಳು ಕಂಪ್ಯೂಟರ್ ಹುಟ್ಟಿಸಬಹುದು. ಅದಕ್ಕೆ ಹಳೇ ಸಿಸ್ಟಂ ಹಾಕಿದ್ರೆ ಹಳೇ ಪ್ರೋಗ್ರಾಂ ಅದರೊಳಗೆ ಆರಾಮಾಗಿ ಓಡತ್ತೆ. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್" ಎಂದಿದ್ದ ಅವನು. ರಾಯರು ಅಲ್ಲೇ ನಿಂತು ತಿದ್ದಿದರು. ಹೊರಗಿನದು ಆತಿಥೇಯ. ಒಳಗಿನದು ಅತಿಥಿ. ಸುಳ್ಳು ಕಂಪ್ಯೂಟರ್ ಎಂಬುದು ಮಿಥ್ಯಾಯಂತ್ರ. "ಇನ್ನು ಮೇಲೆ ಫೋನಲ್ಲಿ ಮಾತಾಡುವಾಗಲೂ ಹೀಗೇ ಹೇಳಬೇಕು" ಎಂದು ಅವನಿಂದ ಮಾತು ತೆಗೆದುಕೊಂಡರು.

ಸ್ಥಾಪನೆ ಶುರುವಾಯಿತು. ಪುಟವಿನ್ಯಾಸದವ ಹೇಳಿದ ಪಟ್ಟಿಯನ್ನು ತೆರೆದು, ಹೇಳಿದ ಚೌಕಕ್ಕೆ ಗುರುತು ಹಾಕಬೇಕು, ಅಷ್ಟೇ. ರಾಯರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು, ಕೆಳಗಿಂದ ಮೇಲೆ ಓದಿದರು, ಅಭ್ಯಾಸಬಲದಿಂದ ಎರಡು ಕಾಗುಣಿತದ ತಪ್ಪನ್ನೂ ಹಿಡಿದರು. ಬೇಕಾದ ಚೌಕ ಮಾತ್ರ ಸಿಗಲಿಲ್ಲ. ಫೋನು ಮಾಡಿದರೆ ತಿಳಿಯಿತು: ಅವರು ತಂದದ್ದು ಮನೆಬಳಕೆಯ ಆವೃತ್ತಿ. ಈ ಸೌಲಭ್ಯ ಇರುವುದು ಕಚೇರಿಯವರ ಆವೃತ್ತಿಯಲ್ಲಿ.

"ಮನೆಯಲ್ಲಿರೋರಿಗೆ ಈ ಸೌಲಭ್ಯ ಇಲ್ವಂತೆ ಕಣೇ" ಎಂದರು ರಾಯರು ಮುಖ ಸಣ್ಣದು ಮಾಡಿಕೊಂಡು.

"ಮನೆಯಲ್ಲಿರೋರಿಗೆ ಯಾವ ಸೌಲಭ್ಯ ಇದೆ ಹೇಳಿ" ಎಂದಳು ಹೆಂಡತಿ, ಸೂಜಿಗೆ ದಾರ ಪೋಣಿಸುತ್ತ.

ಆವೃತ್ತಿಗೆ ಬಡ್ತಿ ಕೊಡಿಸಿದ್ದಾಯಿತು. ಚೌಕ ಪ್ರತ್ಯಕ್ಷವಾಯಿತು. ಗುರುತು ಹಾಕಿದರೆ, ಇದು ಮೂಲದಲ್ಲೇ ಮುಚ್ಚಿದೆ, ಅಲ್ಲಿ ಹೋಗಿ ತೆರೆಯಿರಿ ಎಂಬ ಉತ್ತರ. ಮೂಲಕ್ಕೆ ಹೋಗಬೇಕಾದರೆ ಗಣಕ ಎಚ್ಚರವಾಗುವ ಹೊತ್ತಿನಲ್ಲಿ, ಅದು ಪೂರ್ತಿ ಕಣ್ಣು ಬಿಡುವ ಮೊದಲು, ಒಂದು ಕೀಲಿಯನ್ನು ಬಡಿಯುತ್ತಲೇ ಇರಬೇಕು. ರಾಯರು ಗುಂಡಿ ಒತ್ತುವುದು, ಹೆಂಡತಿ ಕೀಲಿ ಬಡಿಯುವುದು ಎಂದು ನಿಶ್ಚಯವಾಯಿತು.

"ಈಗ! ಬಡಿ! ಬಡಿ ಅಂದೆ ಕಣೇ!"

"ಬಡೀತಿದೀನಲ್ರೀ!"

"ಅದು ಬಾಹ್ಯಾಕಾಶ ಕೀಲಿ!"

"ಅದ್ಯಾವುದೋ ನಂಗೆ ಗೊತ್ತಿಲ್ಲ, ಉದ್ದದ್ದನ್ನ ಬಡಿದೆ!"

"ಯಾರು ಯಾರನ್ನ ಬಡೀತಿದೀರಿ?" ಎಂದು ಒಳಕೋಣೆಯಿಂದ ಆತಂಕದ ದನಿ ಬಂತು.

ಆ ಮಧ್ಯಾಹ್ನವನ್ನೆಲ್ಲ ವರ್ಣಿಸುವ ಧೈರ್ಯ ನಮಗಿಲ್ಲ. ಅತಿಥಿಗೆ ನೆನಪು ಹಂಚಿಕೊಡಬೇಕು ಎಂದ ಪುಟವಿನ್ಯಾಸದವ ಫೋನಿನಲ್ಲಿ. (ಗಣಕದ ಮೆಮೊರಿಗೆ ರಾಯರು ಹೇಳುವುದು ನೆನಪು ಎಂದು. ಕೆಲಸ ಮಾಡಲು ಗಣಕಕ್ಕೆ ಬೇಕಾದ ಜಾಗ ಅದು.) ಕಡಿಮೆ ಕೊಟ್ಟರೆ ಅತಿಥಿ ಏಳುವುದಿಲ್ಲ, ಹೆಚ್ಚು ಕೊಟ್ಟರೆ ಆತಿಥೇಯನಿಗೆ ಉಳಿಯುವುದಿಲ್ಲ. ರಾಯರು ಕೊಟ್ಟರು, ಕಿತ್ತುಕೊಂಡರು, ಮತ್ತೆ ಕೊಟ್ಟರು. ಪರದೆ ಕಪ್ಪಾಯಿತು, ನೀಲಿಯಾಯಿತು, ಮತ್ತೆ ಕಪ್ಪಾಯಿತು. ರಾಯರ ಮುಖವೂ ಅದನ್ನೇ ಅನುಸರಿಸಿತು. ಇನ್ನೇನು ಸೋತೆ ಎಂದು ಕುರ್ಚಿಯಲ್ಲಿ ಕುಸಿದು ಕೂತಾಗ ಹೊಸ ಗಣಕದ ನಡುವೆ ಒಂದು ಕಿಟಕಿ ತೆರೆದು, ಅದರೊಳಗೆ ಹಳೇ ಕಂಪ್ಯೂಟರಿನ ಹಳೇ ಪರದೆ ಮೂಡಿ, ಹಳೇ ರಾಗ ಮೊಳಗಿತು.

"ಅರೆ, ನಮ್ಮನೆ ಡಬ್ಬ!" ಎಂದರು ಮಾವನವರು ಒಳಗಿನಿಂದ.

ರಾಯರ ಕಣ್ಣಲ್ಲಿ ನೀರೇ ಬಂತು. ಹೆಂಡತಿಯೂ ಹತ್ತಿರ ಬಂದು ನಿಂತಳು. "ಪರವಾಗಿಲ್ಲ ರೀ ನೀವು" ಎಂದಳು. ಇಷ್ಟು ವರ್ಷದ ದಾಂಪತ್ಯದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಅವರಿಗೆ ಸಿಕ್ಕಿರಲಿಲ್ಲ.

ಪುಟವಿನ್ಯಾಸದವ ಇನ್ನೊಂದು ಉಪಾಯವನ್ನೂ ಹೇಳಿಕೊಟ್ಟ. ಈಗ ಅತಿಥಿ ಹೇಗಿದ್ದಾನೋ ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಮುಂದೆ ಏನಾದರೂ ಎಡವಟ್ಟಾದರೆ ಒಂದು ಗುಂಡಿ ಒತ್ತಿ ಬಂದ ದಿನ ಹೇಗಿದ್ದನೋ ಹಾಗೆ ಮಾಡಿಬಿಡಬಹುದು ಎಂದ. ರಾಯರು ತೆಗೆದಿಟ್ಟರು. ಅದಕ್ಕೆ 'ಪೂರ್ವಸ್ಥಿತಿ' ಎಂದು ಹೆಸರಿಟ್ಟು, ಕಾಲಚಕ್ರವನ್ನೇ ಹಿಂದಕ್ಕೆ ತಿರುಗಿಸಬಲ್ಲೆ ಎಂದು ಹೆಂಡತಿಯ ಮುಂದೆ ಎದೆಯುಬ್ಬಿಸಿದರು.

ಹೆಂಡತಿ ಕೂತಳು. ಹಗಲೆಲ್ಲ ಕೂತು, ಮರುದಿನವೂ ಕೂತು, ಅತಿಥಿಯೊಳಗೆ ಕೊಕ್ಕರೆಯನ್ನು ಎಬ್ಬಿಸಿದಳು. ಕತ್ತಿನ ಬಾಗು ಬಂತು, ರೆಕ್ಕೆಯ ಒಂದೊಂದು ಗರಿಗೂ ಬೇರೆ ಬೇರೆ ಹೊಲಿಗೆ ಬಂತು, ಒಂಟಿಕಾಲು ನಿಂತಿತು. ರಾಯರು ಹಿಂದೆ ನಿಂತು, ಕೆಳಗೆ ಬರೆದಿದ್ದ 'ಶುಶ್ರೂಷೆ' ಎಂಬ ಪದದ ಷಕಾರವನ್ನು ಭೂತಗನ್ನಡಿ ಹಿಡಿದು ನೋಡಿ ತಲೆದೂಗಿದರು. ಕೊಕ್ಕಿನ ಬಣ್ಣದ ದಾರ ಮಾತ್ರ ಮನೆಯಲ್ಲಿರಲಿಲ್ಲ. "ದಾರ ತಂದು ಬಣ್ಣ ಹೊಂದಿಸಿಕೊಂಡು, ಆಮೇಲೆ ಚಿತ್ರವನ್ನ ಯಂತ್ರಕ್ಕೆ ಹಾಕ್ತೀನಿ. ನೀವು ಏನೂ ಮುಟ್ಟಬೇಡಿ" ಎಂದು ಹೇಳಿ ಹೆಂಡತಿ ಚೀಲ ಹಿಡಿದು ಅಂಗಡಿಗೆ ಹೊರಟಳು.

ರಾಯರು ಖಂಡಿತ ಮುಟ್ಟುತ್ತಿರಲಿಲ್ಲ. ಆದರೆ ಗಣಕ ಬಲು ನಿಧಾನವಾಗಿತ್ತು, ಆಮೆಗೂ ಆಕಳಿಕೆ ಬರುವಷ್ಟು. ಪಾಪ, ಇವಳು ಇದರಲ್ಲಿ ಎಷ್ಟು ಕಷ್ಟಪಡುತ್ತಿದ್ದಾಳೆ, ಬರುವಷ್ಟರಲ್ಲಿ ಚುರುಕು ಮಾಡಿಟ್ಟು ಆಶ್ಚರ್ಯಪಡಿಸೋಣ ಎಂದು ಅವರಿಗೆ ಅನಿಸಿತು. (ಗಂಡಂದಿರ ಇತಿಹಾಸದಲ್ಲಿ ಆದ ಅನಾಹುತಗಳೆಲ್ಲ ಆಶ್ಚರ್ಯಪಡಿಸಲು ಹೋಗಿ ಆದಂಥವು.) ಪುಟವಿನ್ಯಾಸದವನಿಗೆ ಫೋನು ಮಾಡಿದರು. ರಾಯರದು ಮುದ್ರಣಾಲಯದ ಯಂತ್ರಗಳ ಸದ್ದಿನಲ್ಲಿ ಬೆಳೆದ ಗಂಟಲು, ಫೋನಿನಲ್ಲೂ ಅದೇ.

ಒಳಕೋಣೆಯಲ್ಲಿ ಮಾವನವರು ದಿಂಬಿಗೆ ಒರಗಿದ್ದರು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಅತಿಥಿ ವಿಷಯ ಮಾತಾಡಬೇಕಿತ್ತಪ್ಪ… ಹೂಂ, ಬಂದಾಗಿನಿಂದ ಮನೆಯೆಲ್ಲ ನಿಧಾನ… ಎಲ್ಲ ಇವನೇ ತಿಂತಾ ಇದಾನೆ. ಆತಿಥೇಯನಿಗೆ ಉಸಿರು ಕಟ್ಟಿಹೋಗಿದೆ!"

ಮಾವನವರು ನೆಟ್ಟಗೆ ಕೂತರು.

"ಕೊಡೋದನ್ನ ಅರ್ಧಕ್ಕೆ ಇಳಿಸಲಾ?… ಸರಿ, ಅರ್ಧ… ಇಳಿಸಿದೆ. ಈಗ ಎಬ್ಬಿಸಿದ್ರೆ ಏಳ್ತಾನೇ ಇಲ್ವಲ್ಲಯ್ಯ! ಸುಮ್ನೆ ಬಿದ್ಕೊಂಡಿದಾನೆ… ಬಲವಂತವಾಗಿ ಆರಿಸಿಬಿಡ್ಲಾ?… ಇಲ್ಲ, ಅವಳು ಮನೇಲಿಲ್ಲ. ಬರೋದ್ರೊಳಗೆ ಮುಗಿಸಿಬಿಡ್ತೀನಿ."

ಮಾವನವರು ಮಂಚದಿಂದ ಕಾಲು ಕೆಳಗಿಟ್ಟರು.

"ಹೌದಲ್ಲ! ಮರೆತೇಬಿಟ್ಟಿದ್ದೆ! ಬಂದ ದಿನ ಹೇಗಿದ್ದನೋ ಹಾಗೇ ಮಾಡಿಬಿಡ್ತೀನಿ. ಒಂದು ಗುಂಡಿ ಒತ್ತಿದ್ರೆ ಆಯ್ತು!"

ಬಂದ ದಿನ ತಾವು ಹೇಗಿದ್ದೆವು ಎಂಬುದು ಮಾವನವರಿಗೆ ಚೆನ್ನಾಗಿ ನೆನಪಿತ್ತು. ಗೋಡೆಗೂ ಬಾಗಿಲಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು ತೆಗೆಸಿದ ಪೊರೆಯನ್ನು ಅಳಿಯ ಒಂದು ಗುಂಡಿ ಒತ್ತಿ ಮತ್ತೆ ಬರಿಸುತ್ತಾನೆ ಎಂದರೆ ಅದನ್ನು ಮಂಚದ ಮೇಲೆ ಕೂತು ನೋಡಲು, ಅಂದರೆ ನೋಡದಿರಲು, ಅವರು ಸಿದ್ಧರಿರಲಿಲ್ಲ. ಟ್ರಂಕು ಎತ್ತಿಕೊಂಡು ಹಿತ್ತಲ ಬಾಗಿಲಿಂದ ಹೊರಬಿದ್ದು, ಬೀದಿಯ ಕೊನೆಯಲ್ಲಿ ಗಾರ್ಡಿನ ಹಳೇ ಸೀಟಿಯನ್ನು ಊದಿ ಟ್ಯಾಕ್ಸಿ ನಿಲ್ಲಿಸಿದರು.

ಇತ್ತ ರಾಯರು ಗುಂಡಿ ಒತ್ತಿದರು. ಇದನ್ನು ಒತ್ತಿದರೆ ಆಮೇಲಿನದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಗಣಕ ಕೇಳಿತು ಕೂಡ. ಕೇಳಲಿಲ್ಲ ಎಂದು ಹೇಳಿದರೆ ಅದಕ್ಕೆ ಅನ್ಯಾಯವಾದೀತು. ಆದರೆ ರಾಯರು ಜನ್ಮವಿಡೀ ಕರಡು ತಿದ್ದಿದವರು. ಕರಡಿನಲ್ಲಿ ತಪ್ಪನ್ನು ಮಾತ್ರ ಹೊಡೆದುಹಾಕುತ್ತಾರೆ, ಸರಿಯಿದ್ದದ್ದು ಇದ್ದಲ್ಲೇ ಇರುತ್ತದೆ. ಅಳಿಸುವುದೆಂದರೆ ಅವರ ಲೆಕ್ಕದಲ್ಲಿ ತಪ್ಪು ಅಳಿಸುವುದು. ಒಪ್ಪಿಗೆ ಕೊಟ್ಟರು.

ಅತಿಥಿ ಪಟಕ್ಕನೆ ಎದ್ದ. ಚುರುಕಾಗಿ, ಲವಲವಿಕೆಯಿಂದ, ಹೊಸದಾಗಿ. ರಾಯರು ಮೀಸೆ ತಿರುವಿದರು. ಅಷ್ಟರಲ್ಲಿ ಹೆಂಡತಿ ದಾರದ ಉಂಡೆ ಹಿಡಿದು ಒಳಗೆ ಬಂದಳು.

"ನೋಡು ಬಾರೇ, ಹೇಗೆ ಓಡ್ತಿದೆ!"

ಹೆಂಡತಿ ನೋಡಿದಳು. ಪ್ರೋಗ್ರಾಂ ತೆರೆದಳು. ಕಡತ ಹುಡುಕಿದಳು. ಇನ್ನೊಂದು ಕಡೆ ಹುಡುಕಿದಳು. ಆಮೇಲೆ ಬಹಳ ಮೆಲ್ಲಗೆ ಕೇಳಿದಳು:

"ನನ್ನ ಕೊಕ್ಕರೆ ಎಲ್ಲಿ?"

ರಾಯರಿಗೆ ಆಗ ಹೊಳೆಯಿತು. ಬಂದ ದಿನ ಅತಿಥಿ ಹೇಗಿದ್ದ? ಖಾಲಿ ಇದ್ದ. ಕೊಕ್ಕರೆ ಆಮೇಲೆ ಹುಟ್ಟಿದ್ದು. ಕತ್ತು, ಗರಿ, ಒಂಟಿಕಾಲು, ಷಕಾರ, ಒಂದೂ ಇರಲಿಲ್ಲ. ಪರದೆಯ ಮೇಲೆ ಇದ್ದದ್ದು ರಾಯರ ಬೋಳುತಲೆಯ ಪ್ರತಿಬಿಂಬ ಒಂದೇ. ಅವರು ಕಂಗಾಲಾಗಿ ಮೂಷಕವನ್ನು ಆ ಕಡೆ ಈ ಕಡೆ ಓಡಿಸಿದರು. ಪುಟವಿನ್ಯಾಸದವನಿಗೆ ಫೋನು ಮಾಡಿದರೆ ಅವನು, "ಅಯ್ಯೋ ಸಾರ್, ಈಗಿನ ಪ್ರತಿಯನ್ನೂ ತೆಗೆದಿಟ್ಟುಕೊಂಡು ಆಮೇಲೆ ಒತ್ತಬೇಕಿತ್ತಲ್ಲ ಸಾರ್, ಇನ್ನೇನೂ ಮಾಡಕ್ಕಾಗಲ್ಲ" ಎಂದು ತನ್ನ ದುಃಖವನ್ನು ತೋಡಿಕೊಂಡ.

"ಕಾಲಚಕ್ರ ಹಿಂದಕ್ಕೆ ತಿರುಗಿಸ್ತೀನಿ ಅಂದ್ರಲ್ಲ?" ಎಂದಳು ಹೆಂಡತಿ. "ನನ್ನನ್ನೂ ಒಂದಿಷ್ಟು ಹಿಂದಕ್ಕೆ ಕಳಿಸಿ. ನೀವು ನನ್ನ ನೋಡಕ್ಕೆ ಬಂದ್ರಲ್ಲ, ಅದರ ಹಿಂದಿನ ದಿನಕ್ಕೆ."

ಇದನ್ನು ಹೇಳಿ ಅಪ್ಪನ ಎದುರು ಅತ್ತು ಹಗುರಾಗೋಣ ಎಂದು ಒಳಕೋಣೆಗೆ ಹೋದಳು. ಅಲ್ಲಿ ಅಪ್ಪನೂ ಇರಲಿಲ್ಲ, ಟ್ರಂಕೂ ಇರಲಿಲ್ಲ. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಂಡಿತು.

"ಮಗಳೇ, ನಾನು ಟ್ಯಾಕ್ಸೀಲಿ ನಮ್ಮನೆಗೆ ಹೋಗ್ತಿದೀನಿ. ಕಣ್ಣು ಇನ್ನೂ ಕಾಣ್ತಿದೆ. ಗುಂಡಿ ಒತ್ತೋ ಮುಂಚೆ ಬಂದುಬಿಟ್ಟೆ. ನೀನೂ ಹುಷಾರು."

ಯಾವ ಗುಂಡಿ, ಯಾವ ಕಣ್ಣು ಎಂದು ಕೇಳಿ ಕೇಳಿ, ಅಪ್ಪನ ಕಿವಿಗೆ ಬಿದ್ದದ್ದೆಲ್ಲ ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ರಾಯರ ಕಡೆ ತಿರುಗಿದಳು. "ನಮ್ಮಪ್ಪ ಎಲ್ಲ ತಿಂತಾ ಇದಾರೆ ಅಂದ್ರಾ?"

"ಅದು ಅವರಲ್ಲ ಕಣೇ! ಮಿಥ್ಯಾಯಂತ್ರದ ಅತಿಥಿ! ನೆನಪು ತಿಂತಾ ಇದ್ದ! ಅವರನ್ನ ಅಲ್ಲ, ಅವನನ್ನ!"

"ಅವರು, ಅವನು ಅಂತ ಏನು ತಿದ್ತೀರಾ? ಇದೂ ಕರಡಾ?"

ಕಸೂತಿ ಯಂತ್ರ, ಏಪ್ರನ್‌ಗಳ ಗಂಟು, ಕೊಕ್ಕಿನ ಬಣ್ಣದ ದಾರ, ಎಲ್ಲವನ್ನೂ ಟ್ಯಾಕ್ಸಿಗೆ ಹೇರಿಕೊಂಡು ಹೆಂಡತಿ ಅಪ್ಪನ ಮನೆಗೆ ಹೊರಟಳು. ಅಲ್ಲಿ ಹಳೇ ಡಬ್ಬ, ಅದರಲ್ಲಿ ಹಳೇ ಪ್ರೋಗ್ರಾಂ ಇತ್ತಲ್ಲ! ಎದುರು ಬೀದಿಯ ಟೈಲರ್ ಕೆಲಸ ಬಿಟ್ಟು ಎದ್ದುನಿಂತು ನೋಡಿದ. ರಾಯರು ಕಿಟಕಿ ಮುಚ್ಚಿಕೊಂಡರು.

ಆಮೇಲಿನ ದಿನಗಳು ರಾಯರ ಪಾಲಿಗೆ ಬರಿಯ ಶೂನ್ಯ. ಆತಿಥೇಯನೂ ಇದ್ದ, ಅತಿಥಿಯೂ ಇದ್ದ, ಇಬ್ಬರೂ ಗಾಳಿಯಂತೆ ಓಡುತ್ತಿದ್ದರು. ಓಡಿಸಿ ಮಾಡುವುದೇನು? ಮನೆಯಲ್ಲಿ ಯಂತ್ರದ ಟಕಟಕ ಇಲ್ಲ, "ರೀ" ಎನ್ನುವವರಿಲ್ಲ, ಒಳಕೋಣೆಯ ಕಿವಿಯೂ ಇಲ್ಲ. ಮುದ್ರಣಾಲಯದಲ್ಲಿ ಒಂದು ಪುಟದ ಕರಡಿನಲ್ಲಿ 'ಅತಿಥಿ' ಎಂಬ ಪದ ಕಂಡು ಕಣ್ಣು ಮಂಜಾಗಿ, ಪಕ್ಕದಲ್ಲೇ ಇದ್ದ ತಪ್ಪನ್ನು ಬಿಟ್ಟುಬಿಟ್ಟರು. ಅಂಥದ್ದು ಹಿಂದೆ ಎಂದೂ ಆದದ್ದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವರನ್ನು ಸುಟ್ಟದ್ದು ಸೋಮವಾರದ ಚಿಂತೆ. ಅವಳ ಮೊದಲ ದೊಡ್ಡ ಕೆಲಸವನ್ನು ತಾನೇ ಕೈಯಾರೆ ಅಳಿಸಿಬಿಟ್ಟೆ ಎಂಬ ಸಂಕಟಕ್ಕೆ ಊಟ ಸೇರಲಿಲ್ಲ.

ಸೋಮವಾರ ಮಧ್ಯಾಹ್ನ ತಡೆಯಲಾರದೆ ಮಾವನವರ ಮನೆಗೆ ಹೋದರು. ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಏಪ್ರನ್‌ಗಳ ರಾಶಿ, ಒಂದೊಂದರ ಎದೆಯ ಮೇಲೂ ಒಂದೊಂದು ಕೊಕ್ಕರೆ. ಕೊಕ್ಕು ಕೆಂಪಗೆ ಹೊಳೆಯುತ್ತಿತ್ತು. ಷಕಾರ ಸರಿಯಾಗಿತ್ತು. ರಾಯರು ಎಲ್ಲಕ್ಕೂ ಮೊದಲು ನೋಡಿದ್ದು ಅದನ್ನೇ, ಸ್ವಭಾವ ಎಲ್ಲಿ ಹೋಗುತ್ತದೆ!

"ಮುಖ್ಯಸ್ಥೆ ಇಲ್ಲಿಗೇ ಬಂದು ನೋಡಿ ಹೋದ್ರು" ಎಂದಳು ಹೆಂಡತಿ ತಲೆಯೆತ್ತದೆ. "ಒಪ್ಪಿದ್ರು. ಇನ್ನು ಮುಂದಿನ ಕೆಲಸ ಎಲ್ಲ ನಮಗೇ ಅಂತೆ."

ರಾಯರಿಗೆ ಹೋದ ಜೀವ ಬಂದಂತಾಯಿತು. ಒಂದು ಏಪ್ರನ್ ಎತ್ತಿಕೊಂಡು ಮಡಿಸತೊಡಗಿದರು.

"ಹಳೇ ಡಬ್ಬ ನಮ್ಮನೆಗೆ ವಾಪಸ್ ಬರತ್ತೆ" ಎಂದು ಅವಳು ತೀರ್ಪು ಓದಿದಳು. "ನಿಮ್ಮ ಹೊಸದನ್ನ ಅಪ್ಪನಿಗೆ ಕೊಡೋಣ. ಪರದೆ ದೊಡ್ಡದು, ಇಸ್ಪೀಟು ಚೆನ್ನಾಗಿ ಕಾಣತ್ತೆ. ಹೊತ್ತು ತರೋದು, ಹೊತ್ತುಕೊಂಡು ಹೋಗೋದು ಎರಡೂ ನೀವೇ."

"ಮತ್ತೆ… ಮಿಥ್ಯಾಯಂತ್ರ?"

ಹೆಂಡತಿ ಕತ್ತರಿಯನ್ನು ಮೇಜಿನ ಮೇಲೆ ಸದ್ದಾಗುವಂತೆ ಇಟ್ಟಳು. ರಾಯರು ಪ್ರಶ್ನೆಯನ್ನು ಹೊಡೆದುಹಾಕಿದರು.

ಆಗ ಅಡುಗೆಮನೆಯಿಂದ ಮಾವನವರು ಬಂದರು. ಕಪ್ಪು ಕನ್ನಡಕ ಕಳಚಿತ್ತು, ಕಣ್ಣು ಫಳಫಳ ಹೊಳೆಯುತ್ತಿತ್ತು. ನಡೆದದ್ದೆಲ್ಲ ಮಗಳಿಂದ ಅವರಿಗೆ ಚೆನ್ನಾಗಿ ತಿಳಿದಿತ್ತು ಎಂಬುದು ಆ ಹೊಳಪಿನಲ್ಲೇ ಗೊತ್ತಾಗುತ್ತಿತ್ತು.

"ಬನ್ನಿ ಬನ್ನಿ ಅಳಿಯಂದ್ರೇ! ಇವತ್ತು ನೀವು ಅತಿಥಿ. ನಾನು ಅದೇನೋ ಅಂತೀರಲ್ಲ, ಅದು."

"ಆತಿಥೇಯ" ಎಂದರು ರಾಯರು ನೆಲ ನೋಡುತ್ತ.

"ಹಾಂ, ಅದೇ. ಕೂತ್ಕೊಳ್ಳಿ ಊಟಕ್ಕೆ."

ದಿನಗಟ್ಟಲೆ ನೆಟ್ಟಗೆ ಉಣ್ಣದ ರಾಯರು ಆಸೆಯಿಂದ ತಟ್ಟೆಯ ಮುಂದೆ ಕೂತರು. ಹೆಂಡತಿ ಸೌಟು ತುಂಬ ಎತ್ತಿದಳು. ಮಾವನವರು ಅವಳ ಕೈ ಹಿಡಿದು ತಡೆದರು.

"ಅರ್ಧ ಸಾಕು ಮಗಳೇ. ಅತಿಥಿಗೆ ಜಾಸ್ತಿ ಕೊಟ್ರೆ ಮನೆಯೆಲ್ಲ ನಿಧಾನ ಆಗತ್ತೆ."

ಸೌಟಿನಲ್ಲಿದ್ದ ಅರ್ಧ ಪಾತ್ರೆಗೆ ವಾಪಸಾಯಿತು. ರಾಯರು ತಟ್ಟೆಯನ್ನೂ ಹೆಂಡತಿಯನ್ನೂ ನೋಡಿದರು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು.

"ಮಾವ, ನಂಗೆ ತುಂಬ ಹಸಿವಾಗಿದೆ" ಎಂದರು ರಾಯರು ಕೊನೆಗೆ, ಮಾನ ಬಿಟ್ಟು.

"ಬಂದಾಗಲೂ ಹಸಿದಿದ್ರಿ ತಾನೇ?" ಎಂದರು ಮಾವನವರು, ಪಾತ್ರೆಯ ಮುಚ್ಚಳ ಮುಚ್ಚುತ್ತ. "ಕಳಿಸುವಾಗ ಬಂದಾಗ ಹೇಗಿದ್ರೋ ಹಾಗೇ ಮಾಡಿ ಕಳಿಸ್ತೀವಿ."